ಖಾಲಿ ಬಾಟಲಿಯ ಸಂಭ್ರಮ

ನೇಕಾರರ ಓಣಿಯ ಮಹಾರುದ್ರಪ್ಪನಿಗೆ ಒಂದು ವಿಚಿತ್ರ ಗುಣವಿತ್ತು. ಒಳ್ಳೆಯ ಸುದ್ದಿ ಕಿವಿಗೆ ಬಿದ್ದರೆ ಸಾಕು, ತಕ್ಷಣ ಯಾವುದಾದರೊಂದು ಕೆಲಸ ನಿಲ್ಲಿಸಿಬಿಡುತ್ತಿದ್ದ. ಒಂದು ಹನಿ ಮಳೆ ಬಿದ್ದರೆ ಬಾವಿಯ ಹಗ್ಗ ಎತ್ತಿಡುವ ಆಸಾಮಿ.

ಆ ಓಣಿಯ ದವಾಖಾನೆಯಲ್ಲಿ ನರ್ಸ್ ಶಾಂತಾಬಾಯಿ ಇಪ್ಪತ್ತು ವರ್ಷಗಳಿಂದ ವರ್ಷಕ್ಕೊಂದರಂತೆ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಮಕ್ಕಳಿಗೆ ಬರುವ ಕೀಲುಜ್ವರ ಗಂಟಲು ನೋವಿನಿಂದ ಶುರುವಾಗುತ್ತದೆ, ಕೀಲುಗಳನ್ನು ಊದಿಸುತ್ತದೆ, ಕೊನೆಗೆ ಎಳೆಯ ಹೃದಯವನ್ನೇ ಕೆಡಿಸುತ್ತದೆ. ಅದು ಯಾವ ಮಗುವಿಗೆ ಬಂದರೂ ಆ ವರ್ಷದ ಬಾಟಲಿಗೆ ಒಂದು ಹುಣಸೆ ಬೀಜ ಬೀಳುತ್ತಿತ್ತು. ಮೊದಲ ಬಾಟಲಿಯಲ್ಲಿ ಇಪ್ಪತ್ತಾರು ಬೀಜ. ವರ್ಷ ಕಳೆದಂತೆ ಹದಿನೈದು, ಒಂಬತ್ತು, ಮೂರು. ಹೋದ ವರ್ಷ ಒಂದೇ ಒಂದು. ಅದು ಮಹಾರುದ್ರಪ್ಪನ ಮೊಮ್ಮಗಳು ಚಂಪಾಳದ್ದು. ಈ ವರ್ಷದ್ದು ಖಾಲಿ.

ಖಾಲಿ ಬಾಟಲಿ ನೋಡಿ ಓಣಿಗೆ ಓಣಿಯೇ ಹಿಗ್ಗಿತು. ಮಹಾರುದ್ರಪ್ಪ ಮನೆಮನೆಗೂ ಪೇಢೆ ಹಂಚಿದ. ಹಂಚಿ ಬಂದವನೇ, ರೋಗವೇ ಇಲ್ಲದ ಮೇಲೆ ಮದ್ದು ಯಾತಕ್ಕೆ ಎಂದು ಜ್ವರ ಮರುಕಳಿಸದಂತೆ ಚಂಪಾಳಿಗೆ ಕೊಡಿಸುತ್ತಿದ್ದ ಇಂಜೆಕ್ಷನ್ ನಿಲ್ಲಿಸಿದ. ಇಪ್ಪತ್ತೊಂದು ದಿನಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಕಾಟ ತಪ್ಪಿತೆಂದು ಅವಳೂ ಕುಣಿದಾಡಿದಳು. ಶಾಲೆಯ ಖೊಖೊ ತಂಡದಲ್ಲಿ ಅವಳನ್ನು ಮುಟ್ಟುವವರೇ ಇರಲಿಲ್ಲ. ಇಂಥ ಹುಡುಗಿಗೆ ರೋಗವೆಂದರೆ ಯಾರು ನಂಬುತ್ತಾರೆ?

ನರ್ಸ್ ಎರಡು ಸಲ ಹೇಳಿ ಕಳಿಸಿದರು. ಅಜ್ಜ ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳು ಕಳೆದಿರಲಿಲ್ಲ, ಚಂಪಾಳಿಗೆ ಗಂಟಲು ನೋವು ಬಂತು. ಅಜ್ಜಿ ರೂಢಿಯಂತೆ ಕೊರಳಿಗೆ ಸುಣ್ಣ ಹಚ್ಚಿದಳು. ಮರುದಿನ ಉಗುಳು ನುಂಗಲೂ ಆಗದೆ ಹುಡುಗಿ ಅತ್ತಳು. ಕೀಲುಜ್ವರ ಮರುಕಳಿಸಿದರೆ ಹೃದಯಕ್ಕೇ ಪೆಟ್ಟು ಎಂದು ನರ್ಸ್ ಹೇಳಿದ್ದು ಮಹಾರುದ್ರಪ್ಪನಿಗೆ ಆಗ ನೆನಪಾಯಿತು. ಅರ್ಧಕ್ಕೆ ಮಗ್ಗ ಬಿಟ್ಟು ಎದ್ದ. ಮೊಮ್ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ದವಾಖಾನೆಗೆ ತುಳಿದ.

ಡಾಕ್ಟರು ಗಂಟಲು ನೋಡಿದರು, ಎದೆಯ ಬಡಿತ ಕೇಳಿದರು. ಹೃದಯಕ್ಕೆ ಏನೂ ಆಗಿಲ್ಲ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು. ಶಾಂತಾಬಾಯಿ ಇಂಜೆಕ್ಷನ್ ಕೊಟ್ಟರು. ಬೈಯಲಿಲ್ಲ.

ಅಜ್ಜನಿಗೆ ಹೋದ ಜೀವ ಬಂದಂತಾಯಿತು. ಆದರೂ ಸುಮ್ಮನಿರದೆ ಕೇಳಿದ. "ಅಲ್ರೀ ಅಕ್ಕಾರ, ಬಾಟ್ಲಿ ಖಾಲಿ ಐತಲ್ರಿ. ರೋಗ ಹೋತು ಅಂತ ತಿಳ್ಕೊಂಡಿದ್ದೆ."

"ಯಜಮಾನ್ರ, ನೀವು ನೇಯ್ದ ಸೀರ್ಯಾಗ ವರ್ಷಗಟ್ಲೆ ಒಂದು ತಪ್ಪು ಕಂಡಿಲ್ಲ. ಹಂಗಂತ ದಿನಾ ಮುಂಜಾನೆ ಮಗ್ಗದ ಹಾಸಿನ ಎಳಿ ಹರದೈತೇನಂತ ನೋಡೂದು ಬಿಟ್ಟೀರೇನು?" ಎಂದರು ಶಾಂತಾಬಾಯಿ.

"ಹೆಂಗ ಬಿಡಾಕ ಬರ್ತೈತ್ರಿ? ದಿನಾ ನೋಡ್ತೀನಿ ಅಂತನ ತಪ್ಪಿಲ್ಲ," ಎಂದ ಮಹಾರುದ್ರಪ್ಪ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಚಂಪಾ ಕಿಸಕ್ಕನೆ ನಕ್ಕಳು. ಅಜ್ಜನೂ ನಾಚಿಕೊಂಡು ನಕ್ಕ.

ಇಪ್ಪತ್ತೊಂದನೆಯ ದಿನ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಅಜ್ಜ ಮೊಮ್ಮಗಳು ಕಟ್ಟೆಯ ಮೇಲೆ ಕೂತಿದ್ದರು.

ನೀತಿ: ಎಚ್ಚರದಿಂದ ದೂರವಾದ ಕೇಡನ್ನು ಸತ್ತೇಹೋಯಿತು ಎಂದುಕೊಂಡು ಎಚ್ಚರ ಬಿಡಬಾರದು. ಮಗುವಿನ ಗಂಟಲು ನೋವು ಸಣ್ಣದೆಂದು ಕಡೆಗಣಿಸಲೂಬಾರದು.