ಪೂಜೆ ಮಾಡಿಟ್ಟ ಬೈಕು

ತುಂಗಭದ್ರೆಯ ದಂಡೆಯ ಆ ಮಠಕ್ಕೆ ಕೊಟ್ರೇಶಿ ಬೈಕಿನ ಮೇಲೆ ಬಂದಿದ್ದ. ಸಾಕಿ ಬೆಳೆಸಿದ ಅಕ್ಕ ನೀಲವ್ವನಿಗೆ ಒಂದು ಮಾತೂ ಹೇಳದೆ ಬಂದಿದ್ದ. ಸನ್ಯಾಸಿಗೆ ಬೈಕು ಯಾಕೆಂದು ಅದನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಅಲ್ಲಿನ ಗುರುಗಳ ಶಿಷ್ಯನಾದ.

ವರ್ಷಗಳು ಹೋದವು. ಆಯುಧಪೂಜೆಯ ದಿನ ಬೈಕು ತೊಳೆದು, ವಿಭೂತಿ ಹಚ್ಚಿ, ಹಾರ ಹಾಕುತ್ತಿದ್ದ. ಒಮ್ಮೆಯೂ ಚಾಲೂ ಮಾಡಲಿಲ್ಲ. ಅಂದೇ ಅಕ್ಕನ ಹೆಸರಿನಲ್ಲಿ ಗದ್ದುಗೆಗೆ ಅಭಿಷೇಕವನ್ನೂ ಮಾಡಿಸುತ್ತಿದ್ದ. ಅವಳ ಮನೆಯ ಕಡೆ ಮಾತ್ರ ತಲೆ ಹಾಕಲಿಲ್ಲ.

ಒಂದು ಚಳಿಯ ಬೆಳಿಗ್ಗೆ ಭಕ್ತರೊಬ್ಬರು ಮಾತಿನ ನಡುವೆ ಹೇಳಿದರು, ನೀಲವ್ವನ ಗಂಡ ತೀರಿಕೊಂಡು ತಿಂಗಳಾಯಿತಂತೆ. ತಮ್ಮನಿಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಕೊಟ್ರೇಶಿ ಕೊಟ್ಟಿಗೆಗೆ ಓಡಿದ. ಕಿಕ್ಕರ್ ಒದ್ದೇ ಒದ್ದ. ಬೈಕು ಮಿಸುಕಲಿಲ್ಲ. ಚಳಿಯನ್ನು ಬೈದ, ಬೈಕನ್ನು ಬೈದ, ಕೊನೆಗೆ ಸಗಣಿಯ ನೆಲದ ಮೇಲೆ ಕೂತು ಅತ್ತುಬಿಟ್ಟ.

ಗುರುಗಳು ಬಂದರು. ಅವರಿಗೆ ಬೈಕಿನ ಗಂಧಗಾಳಿ ಗೊತ್ತಿರಲಿಲ್ಲ.

"ಒಲಿ ಹತ್ತಲಿಲ್ಲ ಅಂದ್ರ ಏನ್ ನೋಡ್ತಿ?"

"ಕಿಡಿ, ಗಾಳಿ, ಕಟಗಿ, ಅಜ್ಜಾರ."

"ಒಲೀನ ಒದೆಯಂಗಿಲ್ಲಲ್ಲ?"

ಕೊಟ್ರೇಶಿ ಕಣ್ಣೊರೆಸಿಕೊಂಡ. ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಕಿಕ್ಕರ್ ಒದ್ದು ನೋಡಿದ. ಕಿಡಿ ಹಾರಿತು. ಗಾಳಿ ಹೋಗುವ ದಾರಿಯಲ್ಲಿ ಇಲಿ ಗೂಡು ಕಟ್ಟಿತ್ತು, ತೆಗೆದುಹಾಕಿದ. ಆಮೇಲೆ ಕಾರ್ಬುರೇಟರ್ ಬಿಚ್ಚಿದ. ಒಳಗೆ ಬೆಲ್ಲದ ಪಾಕದಂಥ ಕಂದು ಅಂಟು.

ಗುರುಗಳು ಅದೇನೆಂದು ಕೇಳಿದರು.

"ಪೆಟ್ರೋಲ್ ರೀ. ಬಹಳ ದಿನ ಬಿಟ್ರ ಹಿಂಗಾಗತೈತಿ. ನಿಲ್ಲಸೋ ಮುಂದ ಖಾಲಿ ಮಾಡಬೇಕಿತ್ತು."

"ಯಾಕ ಮಾಡಲಿಲ್ಲ?"

ಕೊಟ್ರೇಶಿ ತಲೆ ತಗ್ಗಿಸಿದ. "ಯಾವಾಗ ಬೇಕಾದ್ರೂ ಹೋಗಬಹುದು ಅನ್ಕೊಂಡಿದ್ದೆ."

ಹಳೆಯ ಪೆಟ್ರೋಲ್ ಚೆಲ್ಲಿ, ಕಟ್ಟಿಕೊಂಡ ತೂತುಗಳನ್ನು ತೆಳು ತಂತಿಯಿಂದ ಬಿಡಿಸಿ, ಹೊಸದನ್ನು ತಂದು ಸುರಿದ. ಬೈಕು ಕೆಮ್ಮಿತು, ಹೊಗೆ ಉಗುಳಿತು, ಚಾಲೂ ಆಯಿತು. ಪುಣ್ಯಾತ್ಮನ ಮುಖ ಅರಳಿತು. ಬೈಕೇ ಸಿಟ್ಟು ಬಿಟ್ಟ ಮೇಲೆ ಅಕ್ಕ ಬಿಡದೆ ಇರುತ್ತಾಳೆಯೇ ಎಂದುಕೊಂಡು ಹೊರಟ.

ಸಂಜೆಗೇ ತಿರುಗಿ ಬಂದ. ಬೈಕು ಕೊಟ್ಟಿಗೆಯಲ್ಲಿ ನಿಲ್ಲಿಸಿ ಗುರುಗಳ ಪಕ್ಕ ಕೂತ.

"ಅಕ್ಕ ಬೈಲಿಲ್ಲ, ಅಳಲಿಲ್ಲ, ಅಜ್ಜಾರ. ಹೊರಗಿನವರಿಗೆ ಹಾಕಿದಂಗ ಪಡಸಾಲ್ಯಾಗ ಕುರ್ಚಿ ಹಾಕಿದ್ಲು. ಚಾ ಕೊಟ್ಲು. 'ಮಠದಾಗ ಊಟ ಚಲೋ ಇರತೈತೇನ್ರಿ?' ಅಂತ ಕೇಳಿದ್ಲು. ಅಷ್ಟ."

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು. ಕೊಟ್ರೇಶಿಗೆ ಸಂಕಟ ತಡೆಯಲಾಗಲಿಲ್ಲ.

"ಅಷ್ಟು ವರ್ಷ ನಿಂತ ಬೈಕ ಚಾಲೂ ಆತಲ್ಲ. ಅಕ್ಕ ಯಾಕ ಹಿಂಗ?"

"ಬೈಕು ನಿನ್ನ ದಾರಿ ಕಾಯ್ದಿದ್ದಿಲ್ಲ, ತಮ್ಮಾ."