ಮಡಚಿದ ಕಿವಿಯ ದೊರೆ

ಸಾಕುನಾಯಿಯ ಬೀಜ ಒಡೆಸೋದೋ ಬೇಡ್ವೋ ಅಂತ ಸಿದ್ದಮ್ಮ ತೊಯ್ದಾಡ್ತಿದ್ದಾಗಲೇ ಆ ನಾಯಿ ದೊರೆ, ಎಡಗಿವಿ ಮಡಚಿದೋನು, ಮೂರೂರಿಗೆ ಕೇಳೋ ಹಾಗೆ ಊಳಿಟ್ಟು ಕೊಟ್ಟಿಗೆಗೆ ಓಡಿದ.

"ಎತ್ತಣ್ಣ, ನನ್ನನ್ನೂ ನಿನ್ನ ಹಂಗೆ ಮಾಡ್ತಾರಂತೆ. ಗಂಡಸ್ತನ ಇಲ್ದಿದ್ರೆ ಅದೂ ಒಂದು ಬಾಳಾ?"

ಎತ್ತು ಮೆಲುಕು ಹಾಕ್ತಾ ಇತ್ತು.

ಅಷ್ಟರಲ್ಲಿ ಬೀದಿನಾಯಿ ಕೆಂಪಿ ಬಂದ್ಲು, ಬರೀ ಎಲುಬಿನ ಗೂಡು. ಹಿಂದೆ ಹದಿಮೂರು ಮರಿ. ಹದಿಮೂರಕ್ಕೂ ಎಡಗಿವಿ ಮಡಚಿತ್ತು.

"ನನ್ನ ಹಾಲು ಬತ್ತಿದೆ. ನಿನ್ನ ತಟ್ಟೇಲಿ ಇವಕ್ಕೊಂದು ತುತ್ತು ಬಿಡ್ತೀಯಾ?"

"ಯಾರ ಮರಿಗಳೋ, ನಂಗೇನು ಗೊತ್ತು?" ಅಂದ ದೊರೆ.

ಎತ್ತು ಸರಿದು, ಮರಿಗಳಿಗೆ ತನ್ನ ಹುಲ್ಲಿನ ಮೇಲೆ ಜಾಗ ಬಿಡ್ತು. ಒಂದು ಮರಿ ಅದರ ಹೊಟ್ಟೆಗೆ ಒರಗಿ, "ಅಪ್ಪಾ" ಅಂತು.

ದೊರೆಯ ಬಾಲ ಕಾಲಸಂದಿಗೆ ಇಳೀತು. ಓಡಿಹೋಗಿ ತಟ್ಟೆ ಕಚ್ಚಿ ತಂದು ಮರಿಗಳ ಮುಂದಿಟ್ಟ.

ದನದ ಡಾಕ್ಟರ್ ಬಂದಾಗಲೂ ಸಿದ್ದಮ್ಮ ಇನ್ನೂ ತೊಯ್ದಾಡ್ತಾನೇ ಇದ್ಲು. ದೊರೆ ತಾನೇ ಹೋಗಿ ಅವರ ಮುಂದೆ ತಲೆ ತಗ್ಗಿಸಿ ನಿಂತ.