ಮೂರು ಕಾಲು ಬಿಚ್ಚಿ ತಂದ ಅಡಿವೆಪ್ಪ

ಕೇಳ್ರಪ್ಪಾ ಕೇಳ್ರಿ, ನಗು ಬಂದರೆ ನಕ್ಕುಬಿಡಿ, ತಡೆದರೆ ಹೊಟ್ಟೆ ನೋಯುತ್ತದೆ. ಧಾರವಾಡದಲ್ಲಿ ತುಂಗವ್ವ ಅಂತ ಒಬ್ಬಳಿದ್ದಳು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದ ಕೈ ಅವಳದು. ಅವಳಿಗೊಬ್ಬನೇ ಮಗ, ಅಡಿವೆಪ್ಪ. ಎತ್ತರದ ಆಳು, ಮೈತುಂಬ ಶಕ್ತಿ, ಹೇಳಿದ ಮಾತು ಮೀರುವವನಲ್ಲ. ತುಂಗವ್ವನ ಗೋಳೂ ಅದೇ ನೋಡಿ. ಹೇಳಿದ್ದನ್ನೇ ಮಾಡುತ್ತಿದ್ದ!

ಒಂದು ಸಲ ಜ್ವರ ಬಂದು ತುಂಗವ್ವನ ಎಡಗೈ ಸೋತುಹೋಯಿತು, ನಡಿಗೆಯೂ ನಿಧಾನವಾಯಿತು. ಹಾರ್ಮೋನಿಯಂ ಪೇಟಿಗೆ ಒಂದು ಕೈ ಬಾರಿಸಬೇಕು, ಇನ್ನೊಂದು ಕೈ ಹಿಂದಿನ ತಿದಿ ಒತ್ತಬೇಕು. ತಿದಿ ಒತ್ತದಿದ್ದರೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಸ್ವರ ಇಲ್ಲ.

"ಅಡಿವೆಪ್ಪಾ, ಪೇಟಿಗೆ ಚೂರು ಗಾಳಿ ಹಾಕೋ," ಅಂದಳು.

ಅಡಿವೆಪ್ಪ ಬೀಸಣಿಕೆ ತಂದ. ಬೀಸಿದ, ಬೀಸಿದ, ಪೇಟಿಯ ಬೆವರು ಆರಲಿ ಅಂತ ಬೀಸಿದ.

"ಲೇ ಖೋಡಿ! ಗಾಳಿ ಹಾಕೂದಂದ್ರ ಬೀಸೂದಲ್ಲೋ, ಹಿಂದ ತಿದಿ ಒತ್ತೂದು! ನೆನಪಿಡು!"

"ಹೂಂ ಯವ್ವಾ, ನೆನಪಿಡ್ತೀನಿ!"

ತುಂಗವ್ವನಿಗೆ ಅಷ್ಟಕ್ಕೇ ಸಾಕಾಗಿತ್ತು. ಇವನನ್ನು ನಂಬಿ ಬಾರಿಸುವುದು ಆಗದ ಮಾತು ಅಂತ ಪೇಟಿಯನ್ನು ಮೂಲೆಗೆ ತಳ್ಳಿದಳು. ಬಾರಿಸದೆ ಅವಳಿಗೆ ಅನ್ನ ಸೇರಲಿಲ್ಲ.

ಆಗ ಅದೇ ಊರಲ್ಲಿ ಪಿಯಾನೊ ಕಲಿಸುತ್ತಿದ್ದ ಸಲೋಮಿ ಟೀಚರ್ ಹೇಳಿ ಕಳಿಸಿದರು. ಅವರು ಊರು ಬಿಟ್ಟು ತಂಗಿಯ ಮನೆಗೆ ಹೊರಟಿದ್ದರು, ಅವರ ದೊಡ್ಡ ಗ್ರ್ಯಾಂಡ್ ಪಿಯಾನೊ ಮಾರುವುದಿತ್ತು. ಅದಕ್ಕೆ ಕರೆಂಟೂ ಬೇಡ, ಗಾಳಿಯೂ ಬೇಡ. ಒಳಗೆ ತಂತಿ, ತಂತಿಗೆ ಬಡಿಯಲು ಪುಟ್ಟ ಪುಟ್ಟ ಸುತ್ತಿಗೆ. ಒಂದೇ ಕೈಯಲ್ಲೂ ಬಾರಿಸಬಹುದು! "ಬಾರಿಸೋರ ಕೈಗೇ ಕೊಡಬೇಕಂತ ನನ್ನ ಆಸೆ. ಆದರೆ ಐತವಾರದೊಳಗ ಒಯ್ಯದಿದ್ರ ಫರ್ನಿಚರ್ ಅಂಗಡಿಯವರು ಬರ್ತಾರ. ಒಳಗಿಂದೆಲ್ಲಾ ಕಿತ್ತು ಊಟದ ಟೇಬಲ್ ಮಾಡ್ತಾರಂತ," ಅಂದಿದ್ದರು.

ತುಂಗವ್ವ ತಡಮಾಡಲಿಲ್ಲ. ಬಂಗಾರದ ಬಳೆ ಮಾರಿದಳು, ಮಗನನ್ನು ಕರೆದಳು.

"ಅಡಿವೆಪ್ಪಾ, ಹೋಗು. ತಗೊಳ್ಳೂ ಮೊದಲ ಅದನ್ನ ನುಡಿಸಿ ನೋಡು. ಚಂದಾಗಿ ನುಡೀತದೋ ಇಲ್ಲೋ ಹೇಳು."

ಅಡಿವೆಪ್ಪ ಹೋದ. ಪಿಯಾನೊದ ಮುಂದೆ ಕೈಕಟ್ಟಿ ನಿಂತ. "ಆರಾಮ ಇದ್ದೀರೇನ್ರಿ?" ಪಿಯಾನೊ ಸುಮ್ಮನಿತ್ತು. "ಊಟ ಆತೇನ್ರಿ?" ಸುಮ್ಮನಿತ್ತು. "ನಮ್ಮನಿಗೆ ಬರ್ತೀರೇನ್ರಿ?" ಅದಕ್ಕೂ ಸುಮ್ಮನೆ! ಸಲೋಮಿ ಟೀಚರ್ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಅಡಿವೆಪ್ಪ ಮನೆಗೆ ಬಂದ.

"ಯವ್ವಾ, ಅದಕ್ಕ ಭಾಳ ಸೊಕ್ಕು. ಎಷ್ಟು ನುಡಿಸಿದ್ರೂ ಪಿಟಕ್ಕನ್ನಲಿಲ್ಲ!"

"ಅಯ್ಯ ನನ್ನ ಕರ್ಮ! ಬಾಯಿಲೆ ನುಡಿಸೂದಲ್ಲೋ, ಕೈಲೆ! ಬಿಳಿ ಮನಿ, ಕರಿ ಮನಿ, ಎಲ್ಲಾ ಒಂದೊಂದ ತಟ್ಟಿ ನೋಡು. ಯಾವ ಮನಿ ಮೂಕ ಐತಿ ಹೇಳು!"

ಪೇಟಿ ಬಾರಿಸುವವರು ಬೆರಳಿಟ್ಟು ಒತ್ತುವ ಪಟ್ಟಿಗೆ ಮನೆ ಅನ್ನುತ್ತಾರೆ. ನಿಮಗೆ ತಿಳಿಯಿತು. ಅಡಿವೆಪ್ಪನಿಗೆ?

ಅಡಿವೆಪ್ಪ ಹೋದ. ಟೀಚರ್ ಓಣಿಯಲ್ಲಿ ಸುಣ್ಣ ಹಚ್ಚಿದ ಬಿಳಿ ಮನೆ ಕಂಡಿತು, ತಟ್ಟಿದ. ಪಕ್ಕದ್ದೂ ತಟ್ಟಿದ. ಮಧ್ಯಾಹ್ನ ಮಲಗಿದವರೆಲ್ಲ ಎದ್ದು ಬಂದು ಬೈದರು. ಇದ್ದಿಲು ಅಂಗಡಿಯವನ ಕರಿ ಮನೆ ತಟ್ಟಿದ, ನಾಯಿ ಬೆನ್ನಟ್ಟಿತು. ಅಂಗಿ ಹರಿದುಕೊಂಡು ಓಡಿ ಬಂದ.

"ಯವ್ವಾ, ಎಲ್ಲಾ ಮನಿ ಜೋರ ನುಡೀತಾವ! ಕರೇದೊಂದು ಬೊಗಳತೈತಿ. ತುದಿಗಿನ ಮನಿ ಮೂಕ ಐತಿ, ಕೀಲಿ ಹಾಕ್ಯಾರ!"

ತುಂಗವ್ವ ಹಣೆ ಹಣೆ ಬಡಿದುಕೊಂಡಳು. "ನೋಡೂದೂ ಬ್ಯಾಡ, ತಟ್ಟೂದೂ ಬ್ಯಾಡ! ನಾಳೆ ಐತವಾರ. ಟೆಂಪೋ ಮಾಡ್ಕೊಂಡು, ಹಮಾಲರನ್ನ ಕರ್ಕೊಂಡು ಹೋಗು. ರೊಕ್ಕ ಕೊಡು. ಅದರ ಮೂರು ಕಾಲು ಬಿಚ್ಚಿ ತಗೊಂಡು ಬಾ. ಅಷ್ಟ ಮಾಡು ನನ್ನಪ್ಪಾ!"

ಅಡಿವೆಪ್ಪ ಅಷ್ಟೇ ಮಾಡಿದ. ಟೀಚರ್ ಚರ್ಚಿಗೆ ಹೊರಟಿದ್ದರು, ರೊಕ್ಕ ಅವರ ಕೈಗಿಟ್ಟ. ಹಮಾಲರು ಪಿಯಾನೊವನ್ನು ಜೋಪಾನವಾಗಿ ಗಾದಿಯ ಮೇಲೆ ಮಲಗಿಸಿದರು, ಕಾಲು ಬಿಚ್ಚಿದರು. ಅಡಿವೆಪ್ಪ ಮೂರೂ ಕಾಲು ಟೆಂಪೋದಲ್ಲಿಟ್ಟು, "ನಡೀರಿ!" ಅಂದ.

"ಯವ್ವಾ, ತಂದೀನಿ!"

"ಕಾಲು ಬಂದ್ವು. ಮೈ ಎಲ್ಲೋ?"

"ಮೈ ತಾ ಅಂತ ನೀ ಹೇಳಲಿಲ್ಲಲ್ಲ!"

ಈ ಸಲ ತುಂಗವ್ವ ಬೈಯಲೂ ಇಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು. ಇಷ್ಟೊತ್ತಿಗೆ ಅಂಗಡಿಯವರು ಬಂದಿರುತ್ತಾರೆ, ತಂತಿ ಕೀಳುತ್ತಿರುತ್ತಾರೆ. ಇನ್ನು ಈ ಜನ್ಮಕ್ಕೆ ಬಾರಿಸುವುದು ಮುಗಿಯಿತು ಅಂತ ಅತ್ತೇ ಅತ್ತಳು.

ಸಂಜೆಗೆ ಬಾಗಿಲಲ್ಲಿ ಇನ್ನೊಂದು ಟೆಂಪೋ ಹಾರ್ನ್ ಹೊಡೆಯಿತು. ಡ್ರೈವರ್ ಪಕ್ಕದಲ್ಲಿ ಸಲೋಮಿ ಟೀಚರ್, ಹಿಂದೆ ಹಮಾಲರು, ಗಾದಿ ಸುತ್ತಿದ ಪಿಯಾನೊ!

"ತುಂಗವ್ವಾರ, ನಾ ಚರ್ಚಿನಾಗಿದ್ದಾಗ, ಮಾರಿದ್ದು ಗೊತ್ತಿಲ್ಲದ ಅಂಗಡಿಯವರು ಬಂದಿದ್ರಂತ. 'ಕಾಲಿಲ್ಲದ ಟೇಬಲ್ ಯಾರು ತಗೋತಾರ' ಅಂತ ಮುಟ್ಟದ ಹೋಗ್ಯಾರ! ನಿಮ್ಮ ಮಗ ಕಾಲು ಒಯ್ದಿದ್ದಕ್ಕ ಇದು ಉಳೀತ ನೋಡ್ರಿ!"

ತುಂಗವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಹಮಾಲರು ಕಾಲು ಜೋಡಿಸಿದರು. ತುಂಗವ್ವ ಬಲಗೈ ಇಟ್ಟಳು. ಪರದೆ ಏಳುವ ಮುಂಚೆ ಬಾರಿಸುತ್ತಿದ್ದ ನಾಂದಿ, ಒಂದೂ ಸ್ವರ ತಪ್ಪದೆ ಬಂತು. ಬಾರಿಸಿದಳು, ನಕ್ಕಳು, ಅತ್ತಳು, ಬೆವೆತಳು.

"ಅಡಿವೆಪ್ಪಾ, ಚೂರು ಗಾಳಿ ಹಾಕೋ!"

ಅಡಿವೆಪ್ಪ ಬೀಸಣಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯ ಪೇಟಿ ಎಳೆದು ತಂದ, ಹಿಂದೆ ಕೂತ, ಒಂದೇ ಸಮನೆ ತಿದಿ ಒತ್ತತೊಡಗಿದ. "ನೀನ ಹೇಳಿದ್ಯಲ್ಲ ಯವ್ವಾ, ಗಾಳಿ ಹಾಕೂದಂದ್ರ ತಿದಿ ಒತ್ತೂದು ಅಂತ!"

ತುಂಗವ್ವ ಬೆರಗಾಗಿ ಪೇಟಿಯ ಮನೆಯ ಮೇಲೆ ಬೆರಳಿಟ್ಟಳು. ಸ್ವರ ಬಂತು!

"ಅಯ್ಯ ನನ್ನ ಮಗನ! ನೀ ಹಿಂಗ ಒತ್ತತಿ ಅಂತ ಗೊತ್ತಿದ್ರ ಪಿಯಾನೊ ಯಾಕ ಬೇಕಿತ್ತೋ!"

"ಬ್ಯಾಡೇನು ಯವ್ವಾ? ಮೊದಲ ಹೇಳಬಾರದೇನು!"

ಅಂದವನೇ ನಟ್ಟು ಬಿಚ್ಚುವ ಪಾನಾ ಹಿಡಿದು ಪಿಯಾನೊದ ಕೆಳಗೆ ತೂರಿದ, ಮತ್ತೆ ಕಾಲು ಬಿಚ್ಚಲು ಶುರುಮಾಡಿದ. ಟೀಚರ್ ಕಿರುಚಿದರು. ತುಂಗವ್ವ ಬಲಗೈಯಲ್ಲಿ ಮಗನ ಕಾಲು ಹಿಡಿದು ಜಗ್ಗಿದಳು.

ಪಿಯಾನೊದ ಅಡಿಯಿಂದ ಅಡಿವೆಪ್ಪ ಬೊಬ್ಬೆ ಹಾಕಿದ: "ಯವ್ವಾ, ನಂದು ಬಿಚ್ಚಬ್ಯಾಡ! ನನಗ ಇರೂದ ಎರಡು!"